ಲಕ್ಷ ಮಂದಿ ನೋಡಿದರು, ಕೊಂಡವರು ಮೂವರು: ಯಾವ ಪೋಸ್ಟ್ ಗೆದ್ದಿತು?

ಪ್ರಶ್ನೆ: ನಮ್ಮದು ಗುಳೇದಗುಡ್ಡ. ಮನೆಯಲ್ಲಿ ಖಣ, ಅಂದರೆ ಬ್ಲೌಸ್ ಬಟ್ಟೆ, ನೇಯುತ್ತಾರೆ. ನಾನು ಅದನ್ನು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಹಾಕಿ ಮಾರುತ್ತೇನೆ. ನಮ್ಮ ಮಾವನವರು ಮಗ್ಗದಲ್ಲಿ ಕೂತು ನೇಯುವ ಒಂದು ರೀಲ್ 1.8 ಲಕ್ಷ ವ್ಯೂಸ್ ಓಡಿತು. ಊರೆಲ್ಲ ಹೇಳಿಕೊಂಡೆವು. ಆದರೆ ಅದರಿಂದ ಬಂದ ಆರ್ಡರ್ ಬರೀ ಮೂರು. ಆಮೇಲೆ ಹಾಕಿದ ಯಾವ ರೀಲೂ ಎರಡು-ಮೂರು ಸಾವಿರ ದಾಟಿಲ್ಲ. ಇನ್ನೊಂದು ಕಡೆ, ಚಾಪೆ ಮೇಲೆ ಹನ್ನೆರಡು ಬಣ್ಣದ ಖಣ ಸಾಲಾಗಿ ಇಟ್ಟು ತೆಗೆದ ಸಾದಾ ಫೋಟೋಕ್ಕೆ 41 ಲೈಕ್ ಬಂದವು. ಆದರೆ 14 ಮಂದಿ ವಾಟ್ಸಾಪ್‌ನಲ್ಲಿ ವಿಚಾರಿಸಿದರು, 9 ಮಂದಿ ತಗೊಂಡರು. ಲೈಕ್ ಕಡಿಮೆ ಬಿದ್ದರೆ ನನಗೆ ಬೇಜಾರಾಗಿ ಪೋಸ್ಟ್ ಡಿಲೀಟ್ ಮಾಡಿಬಿಡುತ್ತೇನೆ. ಮೈದುನ ಫಾಲೋವರ್ಸ್ ಖರೀದಿ ಮಾಡೋಣ ಅನ್ನುತ್ತಾನೆ. ಒಂದು ಪೋಸ್ಟ್ ಚೆನ್ನಾಗಿ ಹೋಯಿತು ಅಂತ ಯಾವ ಲೆಕ್ಕದಲ್ಲಿ ಹೇಳಬೇಕು?

ಉತ್ತರ: ಅಕ್ಕಾರೇ, ಗೆದ್ದಿದ್ದು 41 ಲೈಕಿನ ಫೋಟೋ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಬಾಗಲಕೋಟೆ, ವಿಜಯಪುರ ಕಡೆಯ ಸಣ್ಣ ವ್ಯಾಪಾರಿಗಳ ಪೇಜು ನೋಡಿಕೊಡುವುದು ನನ್ನ ಕೆಲಸ. ಬಂದವರು ಫೋನ್ ತೆಗೆದು ಮೊದಲು ತೋರಿಸುವುದು ವ್ಯೂಸ್. ಎಷ್ಟು ಮಾರಿದಿರಿ ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡುತ್ತಾರೆ. ನೀವು ಹಾಗಲ್ಲ. ಎಷ್ಟು ಮಂದಿ ವಿಚಾರಿಸಿದರು, ಎಷ್ಟು ಮಂದಿ ತಗೊಂಡರು ಅಂತ ಬರೆದು ಕಳಿಸಿದ್ದೀರಿ. ಅದಕ್ಕೇ ಈ ಉತ್ತರ ಕೊಡುವುದು ಸುಲಭ ಆಯಿತು.

ಲೆಕ್ಕ ಹಾಕೋಣ. ರೀಲಿಗೆ 1.8 ಲಕ್ಷ ವ್ಯೂಸ್, ಮೂರು ಆರ್ಡರ್. ಅಂದರೆ 60 ಸಾವಿರ ವ್ಯೂಸ್‌ಗೆ ಒಂದು ಆರ್ಡರ್. ಫೋಟೋ ಎಷ್ಟು ಮಂದಿಗೆ ತಲುಪಿತ್ತು ಅಂತ ನೀವು ಬರೆದಿಲ್ಲ. ಸಾವಿರ ಅಂತ ಇಟ್ಟುಕೊಳ್ಳಿ. ಸಾವಿರಕ್ಕೆ ಒಂಬತ್ತು ಅಂದರೆ ಸುಮಾರು 110 ಮಂದಿಗೆ ಒಂದು ಆರ್ಡರ್. ನೀವು ಖಣ ಮಾರಲಿಕ್ಕೆ ಪೇಜು ಮಾಡಿದ್ದರೆ, ಇದರ ಮುಂದೆ ಲೈಕಿನ ಲೆಕ್ಕ ನಿಲ್ಲುವುದಿಲ್ಲ.

ಆ 1.8 ಲಕ್ಷ ಅನ್ನುವುದನ್ನೂ ಸ್ವಲ್ಪ ಬಿಚ್ಚಿ ನೋಡಬೇಕು. ಅದು ಮಂದಿಯ ಲೆಕ್ಕ ಅಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ ಪ್ಲೇ ಆಗಲು ಶುರು ಆದರೆ ಸಾಕು, ಒಂದು ವ್ಯೂ. ಅದೇ ಮನುಷ್ಯ ಮತ್ತೆ ನೋಡಿದರೆ ಇನ್ನೊಂದು. ಬೆರಳಲ್ಲಿ ಸರ್ ಅಂತ ಮೇಲೆ ತಳ್ಳಿ ಹೋದವನೂ ಲೆಕ್ಕದಲ್ಲಿ ಬರುತ್ತಾನೆ. ಯೂಟ್ಯೂಬ್ ಕೂಡ 2025ರ ಮಾರ್ಚ್ 31ರಿಂದ ಶಾರ್ಟ್ಸ್‌ಗೆ (ಅಲ್ಲಿಯ ಸಣ್ಣ ವಿಡಿಯೋಗಳಿಗೆ) ಹೀಗೇ ಎಣಿಸುತ್ತಿದೆ. ಇಷ್ಟು ಸೆಕೆಂಡ್ ನೋಡಿರಲೇಬೇಕು ಅನ್ನುವ ಷರತ್ತು ಈಗ ಇಲ್ಲ. ಆ ತಾರೀಖು ದಾಟಿದ ಮೇಲೆ ತಮ್ಮ ಶಾರ್ಟ್ಸ್ ಜಾಸ್ತಿ ಓಡುತ್ತಿವೆ ಅಂತ ಖುಷಿಪಟ್ಟವರು ಬೇಕಾದಷ್ಟು ಮಂದಿ. ನೋಡುಗರು ಹೆಚ್ಚಿರಲಿಲ್ಲ, ಎಣಿಸುವ ರೀತಿ ಬದಲಾಗಿತ್ತು. ಫೇಸ್‌ಬುಕ್ಕಿನದು ಇನ್ನೊಂದು ಕಥೆ. ಜನ ಒಂದು ವಿಡಿಯೋವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅನ್ನುವ ಅಂಕಿಯನ್ನು ಸುಮಾರು ಎರಡು ವರ್ಷ ಜಾಸ್ತಿ ತೋರಿಸಿದ್ದೆವು ಅಂತ ಆ ಕಂಪನಿ 2016ರಲ್ಲಿ ತಾನೇ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಲೆಕ್ಕದಿಂದ ಬಿಟ್ಟಿದ್ದರು. ಬೇಗ ಎದ್ದು ಹೋದವರನ್ನು ಬಿಟ್ಟರೆ ಸರಾಸರಿ ಏರಲೇಬೇಕಲ್ವಾ?

ಹಾಗಾಗಿ ಪೋಸ್ಟಿನ ಕೆಳಗೆ ಕಾಣುವ ದೊಡ್ಡ ಅಂಕಿ ಬಿಟ್ಟು ಒಳಗೆ ಹೋಗಿ. ನಿಮ್ಮದು ಪ್ರೊಫೆಷನಲ್ ಅಕೌಂಟ್ ಆಗಿದ್ದರೆ ರೀಲಿನ ಕೆಳಗೆ 'ಇನ್‌ಸೈಟ್ಸ್' ಇರುತ್ತದೆ. ಆಗಿಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಿ, ದುಡ್ಡೇನೂ ಇಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಫಾಲೋವರ್ಸ್ ಎಷ್ಟು, ಹೊರಗಿನವರು ಎಷ್ಟು ಅಂತ. ಲಕ್ಷ ದಾಟಿದ ರೀಲಿನಲ್ಲಿ ಹೊರಗಿನವರೇ ಜಾಸ್ತಿ ಇರುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ಖಣ ಅಂದರೆ ಏನು, ಅದನ್ನು ಉಡಿ ತುಂಬಲು ಕೊಡುತ್ತಾರೆ, ಕುಬಸಕ್ಕೆ (ಸೀಮಂತಕ್ಕೆ) ಕೊಡುತ್ತಾರೆ ಅನ್ನುವುದೇ ಗೊತ್ತಿರಲಿಕ್ಕಿಲ್ಲ. ಮಗ್ಗದ ಸದ್ದು ಕೇಳಲು ಹಿತವಾಗಿದೆ, ಅಜ್ಜನ ಕೈ ಲಾಳಿ ಜೊತೆ ಓಡುವುದು ಚೆಂದ ಕಾಣುತ್ತದೆ, ಅದಕ್ಕೆ ನಿಂತು ನೋಡಿದರು. ನೋಡಿ ಹೋದರು.

ಇನ್ನೊಂದು, ಅಲ್ಲೇ ಒಂದು ಗೆರೆ ಇರುತ್ತದೆ, ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುವುದು. ಯಾವ ಸೆಕೆಂಡಿನಲ್ಲಿ ಎಷ್ಟು ಮಂದಿ ಉಳಿದಿದ್ದರು ಅಂತ ಅದು ತೋರಿಸುತ್ತದೆ. ಈಗ ರೀಲ್ ಹಾಕಿಕೊಂಡು, ನೇಯ್ದ ಬಟ್ಟೆ ಪೂರ್ತಿ ಕಾಣುವುದು ಯಾವ ಸೆಕೆಂಡಿನಲ್ಲಿ ಅಂತ ನೋಡಿ. ಇಂಥ ರೀಲುಗಳಲ್ಲಿ ಮೊದಲು ಮಗ್ಗ, ಆಮೇಲೆ ಕಾಲಿನ ಪೆಡಲ್, ಆಮೇಲೆ ಅಜ್ಜನ ಮುಖ, ಕಟ್ಟಕಡೆಗೆ ಖಣ ಬಿಚ್ಚಿ ತೋರಿಸುವುದು ಮಾಮೂಲು. ಖಣ ಬರುವ ಹೊತ್ತಿಗೆ ಗೆರೆ ನೆಲಕ್ಕೆ ಬಿದ್ದಿದ್ದರೆ ನಿಮ್ಮ 1.8 ಲಕ್ಷದಲ್ಲಿ ಬಹಳ ಮಂದಿ ಖಣ ನೋಡಿಯೇ ಇಲ್ಲ. ಅವರು ನೋಡಿದ್ದು ಮಗ್ಗ. ಮಗ್ಗ ನೀವು ಮಾರುವುದಿಲ್ಲ.

ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕಿದವರನ್ನು ಕೇಳಿ. ತೇರಿನ ದಿನ ಅಂಗಡಿ ಮುಂದೆ ಎಷ್ಟು ಸಾವಿರ ಮಂದಿ ಹಾದು ಹೋದರು ಅಂತ ಅವರು ಯಾರಿಗೂ ಹೇಳುವುದಿಲ್ಲ. ಎಷ್ಟು ಮಂದಿ ನಿಂತು ಕೈಯಲ್ಲಿ ಹಿಡಿದು ನೋಡಿದರು, ರಾತ್ರಿ ಗಲ್ಲಾದಲ್ಲಿ ಎಷ್ಟು ಇತ್ತು, ಅಷ್ಟೇ ಹೇಳುತ್ತಾರೆ.

ಕೈಯಲ್ಲಿ ಹಿಡಿದು ನೋಡುವುದು ಫೋನಿನಲ್ಲಿ ಹೇಗೆ ಗೊತ್ತಾಗುತ್ತದೆ? ಕಾಮೆಂಟಿನಲ್ಲಿ ಗೊತ್ತಾಗುತ್ತದೆ. ನಿಮ್ಮ ಎರಡೂ ಪೋಸ್ಟಿನ ಕಾಮೆಂಟುಗಳನ್ನು ಪಕ್ಕಪಕ್ಕ ಇಟ್ಟು ಓದಿ. ರೀಲಿನ ಕೆಳಗೆ 'ಸೂಪರ್ ಅಜ್ಜಾ', 'ಗ್ರೇಟ್ ಆರ್ಟ್', ಕೈ ಮುಗಿಯುವ ಇಮೋಜಿ ಸಾಲು, ಇಂಥವು ಜಾಸ್ತಿ ಇರುತ್ತವೆ. ಒಳ್ಳೆಯ ಮಾತುಗಳೇ, ಬೇಡ ಅನ್ನುವುದಿಲ್ಲ. ಆದರೆ ಫೋಟೋದ ಕೆಳಗೆ ಬರುವ ಮಾತೇ ಬೇರೆ. 'ಮೂರನೇ ಸಾಲಿನ ಹಸಿರು ಇನ್ನೂ ಅದ ಏನ್ರೀ?' 'ಎರಡು ಬ್ಲೌಸ್ ಆಗತೈತೇನ್ರಿ ಇದರಾಗ?' 'ಪುಣೆಗೆ ಕಳಸ್ತೀರಾ?' ಒಬ್ಬರು ಬಣ್ಣಕ್ಕೆ ಬೆರಳು ಇಟ್ಟು ಕೇಳಿದರು ಅಂದರೆ ಮನಸ್ಸಿನಲ್ಲಿ ಸೀರೆಗೆ ಜೋಡಿ ನೋಡಿಯಾಗಿದೆ ಅಂತ ಅರ್ಥ. ಇಂಥ ಒಂದು ಕಾಮೆಂಟು ನೂರು ಹೃದಯದ ಗುರುತಿಗಿಂತ ದೊಡ್ಡದು.

ಜೊತೆಗೆ, ಈ ಪ್ರಶ್ನೆಗಳು ನಿಮ್ಮ ಪೋಸ್ಟಿನಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದನ್ನೂ ಹೇಳುತ್ತವೆ. ಐದು ಮಂದಿ ಕಾಟನ್ನಾ ಸಿಲ್ಕಾ ಅಂತ ಕೇಳಿದರೆ ಮುಂದಿನ ಪೋಸ್ಟಿನಲ್ಲಿ ಅದನ್ನು ಮೊದಲ ಸಾಲಲ್ಲೇ ಬರೆಯಿರಿ. ರೇಟ್ ಕೇಳಿದರೆ ರೇಟ್ ಹಾಕಿ. ರೇಟ್ ಕೇಳಿದವರಿಗೆಲ್ಲ 'ಡಿಎಂ ಮಾಡಿ' (ಖಾಸಗಿ ಮೆಸೇಜ್ ಹಾಕಿ) ಅಂತ ಬರೆಯುವ ಚಾಳಿ ನಮ್ಮ ಕಡೆ ಭಾಳ ಇದೆ. ಬಹಿರಂಗವಾಗಿ ಹಾಕಿದರೆ ಪಕ್ಕದ ಅಂಗಡಿಯವರು ಹತ್ತು ರೂಪಾಯಿ ಇಳಿಸುತ್ತಾರೆ ಅನ್ನುವ ಭಯ, ಗೊತ್ತು. ಆದರೂ ಡಿಎಂ ಅಂದ ಕೂಡಲೇ ಅರ್ಧ ಮಂದಿ ಬಿಟ್ಟು ಹೋಗುತ್ತಾರೆ. ಕೇಳಿ ಸುಮ್ನೆ ಬಿಟ್ಟರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಕೊಳ್ಳುವವರಿಗೂ ಇರುತ್ತದೆ.

ಈಗ ಎರಡನೇ ದುಃಖ. ಆಮೇಲೆ ಹಾಕಿದ ರೀಲುಗಳು ಯಾಕೆ ಓಡುತ್ತಿಲ್ಲ?

ಅವು ಬಿದ್ದಿಲ್ಲ. ಮೊದಲು ಎಷ್ಟು ಓಡುತ್ತಿದ್ದವೋ ಅಷ್ಟೇ ಓಡುತ್ತಿವೆ. ಆ ಒಂದು ರೀಲ್ ಹತ್ತಿದ ಎತ್ತರಕ್ಕೆ ನೀವು ಉಳಿದ ಎಲ್ಲದರ ಅಳತೆ ಹಿಡಿಯುತ್ತಿದ್ದೀರಿ. ಸಂಜೆ ಒಂದು ಹಾಳೆ ತಗೊಂಡು ಕೊನೆಯ 15 ರೀಲುಗಳ ವ್ಯೂಸ್ ಬರೆಯಿರಿ. ಕಡಿಮೆಯದು ಮೇಲೆ, ಜಾಸ್ತಿಯದು ಕೆಳಗೆ ಬರುವಂತೆ ಸಾಲು ಹಚ್ಚಿ. ನಡುವಿನದು, ಅಂದರೆ ಎಂಟನೆಯದು, ನಿಮ್ಮ ಮಾಮೂಲು. ಅದು 2,500 ಅಂತ ಬಂದರೆ, 3,500 ಓಡಿದ ರೀಲ್ ನಿಮಗೆ ಚೆನ್ನಾಗಿ ಓಡಿದಂತೆ, 1,200 ಓಡಿದ್ದು ಸ್ವಲ್ಪ ಹಿಂದೆ ಬಿದ್ದಂತೆ. ಸರಾಸರಿ ತೆಗೆಯಬೇಡಿ. 14 ರೀಲುಗಳು 2,500ರಂತೆ ಓಡಿ, ಒಂದು 1.8 ಲಕ್ಷ ಓಡಿದ್ದರೆ ಸರಾಸರಿ 14 ಸಾವಿರ ಚಿಲ್ಲರೆ ಬರುತ್ತದೆ. ನಿಮ್ಮ ಯಾವ ರೀಲೂ 14 ಸಾವಿರದ ಹತ್ತಿರ ಇಲ್ಲ! ಒಂದು ಅದೃಷ್ಟದ ರೀಲ್ ಉಳಿದ ಹದಿನಾಲ್ಕನ್ನೂ ಸೋತವು ಅನ್ನಿಸಿಬಿಡುತ್ತದೆ.

ಅದೃಷ್ಟ ಅಂತ ಸುಮ್ನೆ ಅಂದಿದ್ದಲ್ಲ. ಅಮೆರಿಕದ ಮೂವರು ಸಂಶೋಧಕರು 2006ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಮಂದಿಗೆ ಕೇಳಿಸಿದರು. ಕೆಲವರಿಗೆ ಹಾಡು ಮಾತ್ರ. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಅನ್ನುವ ಅಂಕಿಯನ್ನೂ ತೋರಿಸಿದರು. ಎಂಟು ಗುಂಪು, ಹಾಡುಗಳು ಅವೇ. ಆದರೆ ಗೆದ್ದ ಹಾಡುಗಳು ಬೇರೆ ಬೇರೆ. ಒಂದೇ ಹಾಡು ಒಂದು ಗುಂಪಿನಲ್ಲಿ ಮೊದಲನೆಯದು, ಇನ್ನೊಂದರಲ್ಲಿ ನಲವತ್ತನೆಯದು. ಬಹಳ ಚೆನ್ನಾಗಿದ್ದ ಹಾಡು ಪೂರ್ತಿ ನೆಲಕಚ್ಚಿದ್ದು ಕಡಿಮೆ. ತೀರಾ ಕಳಪೆಯದು ಮೇಲೆ ಬಂದದ್ದೂ ಕಡಿಮೆ. ನಡುವಿನವಕ್ಕೆ ಏನು ಬೇಕಾದರೂ ಆಗಬಹುದಿತ್ತು. ಶುರುವಿನಲ್ಲಿ ಯಾರೋ ನಾಲ್ಕು ಮಂದಿ ಯಾವುದನ್ನು ಎತ್ತಿಕೊಂಡರು ಅನ್ನುವುದರ ಮೇಲೆ ಉಳಿದವರ ಕೈ ಅದರ ಕಡೆ ಹೋಗುತ್ತಿತ್ತು.

ರೀಲಿನ ಲೋಕ ಅದಕ್ಕಿಂತ ಇನ್ನಷ್ಟು ಗಾಳಿಪಾಲು. ನಿಮ್ಮ ಮಾವನವರ ರೀಲ್ ಚೆನ್ನಾಗಿತ್ತು, ಅದಕ್ಕೆ ಓಡುವ ಅವಕಾಶ ಸಿಕ್ಕಿತು. ಯಾವುದೋ ಹೊತ್ತಿಗೆ ಯಾರ ಕಣ್ಣಿಗೋ ಬಿದ್ದು ಅವರು ಮುಂದೆ ಕಳಿಸಿದರು, ಅದಕ್ಕೆ ಇಷ್ಟು ಓಡಿತು. ಈ ಎರಡನೆಯದು ನಿಮ್ಮ ಕೈಯಲ್ಲಿಲ್ಲ. ಅದೇ ತರಹದ ರೀಲ್ ಇನ್ನು ಹತ್ತು ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಮಾವನವರನ್ನು ದಿನಾ ಕ್ಯಾಮೆರಾ ಮುಂದೆ ಕೂರಿಸಬೇಡಿ. ಅವರು ನೇಯಲಿ.

ಇನ್ನೊಂದು ಮಾತು, ಹೋಲಿಸುವಾಗ ಒಂದೇ ಜಾತಿಯದನ್ನು ಹೋಲಿಸಬೇಕು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ವಿಡಿಯೋ ಹಾಕಿದವರಿಗೆಲ್ಲ ಲೈಕ್ ಬರುತ್ತದೆ. ಘಟಪ್ರಭಾ ನದಿ 50 ಮೀಟರಿಗೂ ಎತ್ತರದಿಂದ ಬೀಳುತ್ತಿರುವಾಗ ಯಾರು ಫೋನ್ ಹಿಡಿದರೂ ಅದು ಚೆಂದವೇ. ಗೋಳಗುಮ್ಮಟದ ಹಿಂದೆ ಸೂರ್ಯ ಇಳಿಯುವ ಫೋಟೋದ್ದೂ ಅದೇ ಹಣೆಬರಹ, ಹಾಕಿದರೆ ಲೈಕು. ಆ ಲೈಕು ನದಿಯದು, ಗುಮ್ಮಟದ್ದು. ಹಾಗೇ ನವರಾತ್ರಿಯ ಹಿಂದಿನ ವಾರ ಹಾಕಿದ ಖಣದ ಫೋಟೋವನ್ನೂ ಆಷಾಢದಲ್ಲಿ ಹಾಕಿದ್ದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇದು ನಿಮ್ಮ ಗೆದ್ದ ಫೋಟೋಕ್ಕೂ ಸೇರುತ್ತದೆ. ಅದು ಯಾವ ತಿಂಗಳಲ್ಲಿ ಹಾಕಿದ್ದು? ಶ್ರಾವಣದಲ್ಲೋ ಮದುವೆ ಸೀಜನ್ನಿನಲ್ಲೋ ಆದರೆ ಆ ಒಂಬತ್ತರಲ್ಲಿ ಕೆಲವು ಹಬ್ಬದ ಪಾಲು. ಒಂದು ಫೋಟೋ ನೋಡಿ ತೀರ್ಮಾನ ಬೇಡ. ಅದೇ ರೀತಿಯ ಫೋಟೋ ಇನ್ನು ನಾಲ್ಕು ಸಲ ಹಾಕಿ, ಹಗಲು ಬೆಳಕಲ್ಲಿ, ಅದೇ ಚಾಪೆ ಮೇಲೆ. ಆಗಲೂ ವಿಚಾರಣೆ ಬಂದರೆ ನಿಮ್ಮ ದಾರಿ ಅದೇ.

ಹಾಗಾದರೆ ದೊಡ್ಡ ರೀಲ್ ದಂಡವಾಯಿತಾ? ಇಲ್ಲ. ಅದರ ಕೆಲಸವೇ ಬೇರೆ. ಗುಳೇದಗುಡ್ಡ ಖಣಕ್ಕೆ ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಇದೆ. ಆದರೂ ಮಾರ್ಕೆಟ್‌ನಲ್ಲಿ ಪವರ್‌ಲೂಮ್ ಬಟ್ಟೆ ಖಣದ ಹೆಸರಲ್ಲೇ ಓಡಾಡುತ್ತದೆ. ಫೋಟೋ ನೋಡಿ ನಿಮ್ಮ ಪೇಜಿಗೆ ಬಂದವರಿಗೆ ಮೊದಲ ಅನುಮಾನ ಅದೇ, ಇದು ಖರೇನೇ ಕೈಮಗ್ಗದ್ದಾ ಅಂತ. ಆ ಅನುಮಾನಕ್ಕೆ ಮಾವನವರ ರೀಲಿಗಿಂತ ಒಳ್ಳೆಯ ಉತ್ತರ ಇಲ್ಲ. ಅದನ್ನು ಪ್ರೊಫೈಲ್ ಮೇಲ್ಗಡೆ ಪಿನ್ ಮಾಡಿ. ಮತ್ತೆ, ಫೋಟೋ ನೋಡಿ ಕೊಂಡ ಒಂಬತ್ತರಲ್ಲಿ ಒಂದಿಬ್ಬರು ಮೊದಲು ರೀಲ್ ನೋಡಿಯೇ ನಿಮ್ಮನ್ನು ಫಾಲೋ ಮಾಡಿದ್ದಿರಬಹುದು. ಅದು ಇನ್‌ಸೈಟ್ಸ್‌ನಲ್ಲಿ ಕಾಣುವುದಿಲ್ಲ. ಕೇಳಬೇಕು. ಆರ್ಡರ್ ಮಾತಾಡುವಾಗ 'ನಮ್ಮದು ಮೊದಲು ಎಲ್ಲಿ ನೋಡಿದ್ರಿ ಅಕ್ಕಾ?' ಅಂದರೆ ಆಯಿತು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಹೇಳುತ್ತಾರೆ.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಪ್ ಬೇಡ, ಎಕ್ಸೆಲ್ ಬೇಡ. ಒಂದು ಪೋಸ್ಟಿಗೆ ಒಂದು ಸಾಲು. ತಾರೀಖು, ಏನು ಹಾಕಿದ್ದು (ತೇರು ಡಿಸೈನ್, ಆನೆ ಹೆಜ್ಜೆ, ಸೂರ್ಯನಾರಾಯಣ, ಹೀಗೆ), ಫೋಟೋನಾ ರೀಲಾ, ಎಷ್ಟು ಮಂದಿ ವಿಚಾರಿಸಿದರು, ಎಷ್ಟು ಹೋಯಿತು, ಯಾವ ಊರಿಗೆ. ಕೊನೆಗೆ ಒಂದು ಸಣ್ಣ ಜಾಗ ಬಿಟ್ಟು, ಅವರು ಕೇಳಿದ ಮಾತನ್ನು ಅವರ ಮಾತಲ್ಲೇ ಬರೆಯಿರಿ. ಲೈಕು ಬರೆಯುವುದು ಬೇಡ. ಬರೆಯಲೇಬೇಕು ಅನ್ನಿಸಿದರೆ ಸೇವ್ ಎಷ್ಟು, ಶೇರ್ ಎಷ್ಟು ಅಂತ ಬರೆಯಿರಿ. ಸೇವ್ ಮಾಡಿಟ್ಟವರು ಮುಂದೆ ಬರುವವರು. ಶೇರ್ ಮಾಡಿದವರು 'ನೋಡಲೇ, ಇದು ನಿನ್ನ ಸೀರೆಗೆ ಒಪ್ಪತೈತಿ' ಅಂತ ಅಕ್ಕ-ತಂಗಿಗೆ ಕಳಿಸಿದವರು. ಇನ್‌ಸ್ಟಾಗ್ರಾಮ್ ಮುಖ್ಯಸ್ಥರು ಕೂಡ, ಹೊಸಬರಿಗೆ ಪೋಸ್ಟ್ ತೋರಿಸುವಾಗ ಹೀಗೆ ಒಬ್ಬರಿಗೊಬ್ಬರು ಕಳಿಸುವುದಕ್ಕೆ ಹೆಚ್ಚು ಬೆಲೆ ಇದೆ ಅಂತ ಬಹಿರಂಗವಾಗೇ ಹೇಳಿದ್ದಾರೆ.

ಎರಡು ತಿಂಗಳು ಬರೆದರೆ ನೋಟ್‌ಬುಕ್ ತಾನೇ ಮಾತಾಡುತ್ತದೆ. ಹಸಿರು ಯಾವಾಗ ಹಾಕಿದರೂ ಹೋಗುತ್ತದೆ, ನೇರಳೆಯನ್ನು ಮೆಚ್ಚುವವರು ಬಹಳ, ಕೊಳ್ಳುವವರು ಇಲ್ಲ, ಇಂಥದ್ದೆಲ್ಲ ಕಾಣತೊಡಗುತ್ತದೆ. ಸೋಲಾಪುರ, ಕೊಲ್ಹಾಪುರ, ಪುಣೆ ಹೆಸರು ಪದೇ ಪದೇ ಬಂದರೆ ಕನ್ನಡದ ಕೆಳಗೆ ಎರಡು ಸಾಲು ಮರಾಠಿಯಲ್ಲೂ ಬರೆಯಿರಿ. ಅಲ್ಲಿಯವರಿಗೂ ಖಣ ಮನೆಯ ಮಾತು.

ವಾಟ್ಸಾಪ್ ಸ್ಟೇಟಸ್ ಮರೆಯಬೇಡಿ. ಲೈಕೂ ಇಲ್ಲ, ವೈರಲ್ಲೂ ಇಲ್ಲ ಅಂತ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ 24 ತಾಸಿನೊಳಗೆ ಯಾರ್ಯಾರು ನೋಡಿದರು ಅಂತ ಹೆಸರು ಹಿಡಿದು ತೋರಿಸುತ್ತದೆ (ರೀಡ್ ರಿಸೀಟ್ ಆಫ್ ಮಾಡಿದವರದು ಕಾಣುವುದಿಲ್ಲ). ಹಿಂದೆ ಒಮ್ಮೆ ಕೊಂಡವರು ಪ್ರತಿ ಸ್ಟೇಟಸ್ಸೂ ನೋಡುತ್ತಿದ್ದಾರೆ ಅಂದರೆ, ಹೊಸ ಬಣ್ಣ ಬಂದಾಗ ಅವರಿಗೆ ಒಂದು ಮೆಸೇಜ್ ಹಾಕಿ. ಅಂಥವರು 60 ಮಂದಿ ಇದ್ದರೂ ಸಾಕು, ಆ ಪಟ್ಟಿ ನಿಮಗೆ ಲಕ್ಷ ವ್ಯೂಸ್‌ಗಿಂತ ದೊಡ್ಡ ಆಸ್ತಿ.

ಇನ್ನು ಬೇಜಾರಿನ ವಿಷಯ. ಇದಕ್ಕೆ ವ್ಯಾಪಾರದ ಲೆಕ್ಕ ಹೇಳಿದರೆ ಸಾಲುವುದಿಲ್ಲ, ಯಾಕೆಂದರೆ ಲೈಕು ಕಡಿಮೆ ಬಂದಾಗ ನೋಯುವುದು ವ್ಯಾಪಾರಕ್ಕಲ್ಲ.

ಫೇಸ್‌ಬುಕ್ಕಿನ ಸಂಶೋಧಕರೇ 2016ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಲೈಕು ಎಷ್ಟು ಬಂತು ಅನ್ನುವುದಕ್ಕಿಂತ ಯಾರು ಒತ್ತಿದರು ಅನ್ನುವುದೇ ಜನಕ್ಕೆ ಮುಖ್ಯ ಅಂತ ಅದರಲ್ಲಿ ಕಂಡಿತು. ಹತ್ತಿರದ ಗೆಳೆಯರು, ಸಂಗಾತಿ, ಮನೆಯವರು ಒತ್ತಲಿ ಅಂತ ಕಾಯುತ್ತಾರೆ. (ಮನೆಯವರಲ್ಲಿ ಅಪ್ಪ-ಅಮ್ಮನನ್ನು ಬಿಟ್ಟು! ಅದು ಅಲ್ಲಿಯ ಲೆಕ್ಕ. ನಮ್ಮ ಕಡೆಯಾದರೆ ಬೀಗರನ್ನು ಸೇರಿಸಬೇಕಿತ್ತು. ಬೀಗರು ನೋಡಿಯೂ ಲೈಕ್ ಒತ್ತಲಿಲ್ಲ ಅಂದರೆ ಅದೇ ಒಂದು ವಾರದ ಮಾತು.) ತಮ್ಮ ಬಗ್ಗೆ ತಮಗೇ ಅಷ್ಟು ಭರವಸೆ ಇಲ್ಲದವರಿಗೆ ಲೈಕು ಕಡಿಮೆಯಾದರೆ ಹೆಚ್ಚು ನೋವಾಗುತ್ತದೆ ಅಂತಲೂ ಅದರಲ್ಲಿತ್ತು. ನೀವು ಹಾಗೆ ಅಂತ ಹೇಳುತ್ತಿಲ್ಲ. ಆದರೆ ಮುಂದಿನ ಸಲ ಬೇಜಾರಾದಾಗ ಒಂದು ಕ್ಷಣ ನೋಡಿಕೊಳ್ಳಿ, ಯಾರ ಲೈಕಿಗೆ ಕಾಯುತ್ತಿದ್ದಿರಿ? ತವರುಮನೆಯವರದ್ದಾ? ಜೊತೆಗೆ ಓದಿದವರದ್ದಾ? ಅವರು ಖಣ ಕೊಳ್ಳುವವರಾ? ಅಲ್ಲ ಅಂದರೆ ಆ ಕೊರಗನ್ನು ಪೇಜಿನ ತಲೆಗೆ ಕಟ್ಟಬೇಡಿ. ಅದು ಬೇರೆ ಲೆಕ್ಕ, ಫೋನ್ ಮಾಡಿ ಮಾತಾಡಿದರೆ ತೀರುವಂಥದ್ದು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಜಾ ಇದೆ. ನಮ್ಮ ಗೆಳೆಯರಿಗೆ ನಮಗಿಂತ ಜಾಸ್ತಿ ಲೈಕು ಬರುತ್ತದೆ ಅಂತ ಬಹಳ ಮಂದಿಗೆ ಅನ್ನಿಸುತ್ತದೆ. ಅದು ಬರೀ ಭ್ರಮೆ ಅಲ್ಲ. ಯಾರಿಗೆ ಗೆಳೆಯರು ಬಹಳವೋ ಅವರು ಬಹಳ ಮಂದಿಯ ಪಟ್ಟಿಯಲ್ಲಿರುತ್ತಾರೆ. ನಿಮ್ಮ ಪಟ್ಟಿಯಲ್ಲೂ ಅಂಥವರೇ ಇರುತ್ತಾರೆ. ಒತ್ತುವ ಕೈ ಅವರಿಗೆ ಜಾಸ್ತಿ, ಲೈಕೂ ಜಾಸ್ತಿ. ಅಂದರೆ ಎಲ್ಲರೂ ತಮಗಿಂತ ಜಾಸ್ತಿ ಲೈಕು ಬೀಳುವವರನ್ನೇ ನೋಡುತ್ತಾ ಕೂತಿರುತ್ತಾರೆ. ನಿಮ್ಮ ಓಣಿಯ ಇನ್ನೊಂದು ಖಣದ ಪೇಜನ್ನು ನೋಡಿ ಕೊರಗುವಾಗ ಇದು ನೆನಪಿರಲಿ.

ಕಾಣದೆ ನೋಡುವವರ ಸಂಖ್ಯೆಯೂ ನಾವಂದುಕೊಂಡದ್ದಕ್ಕಿಂತ ದೊಡ್ಡದು. 2013ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು, ನಿಮ್ಮ ಪೋಸ್ಟನ್ನು ಎಷ್ಟು ಮಂದಿ ನೋಡಿರಬಹುದು ಅಂತ ಜನರನ್ನೇ ಕೇಳಿದರು. ಆಮೇಲೆ ನಿಜದ ಲೆಕ್ಕದ ಜೊತೆ ಹಿಡಿದು ನೋಡಿದರು. ಜನ ಊಹಿಸಿದ್ದು ನಿಜದ ಶೇ. 27ರಷ್ಟು ಮಾತ್ರ. ಅಂದರೆ ನೂರು ಮಂದಿ ನೋಡಿದ್ದರೆ ಇಪ್ಪತ್ತೇಳು ಅಂದುಕೊಂಡಿದ್ದರು. ಲೈಕು, ಕಾಮೆಂಟು ನೋಡಿ ಊಹೆ ಮಾಡಿದವರ ಲೆಕ್ಕವೂ ತಪ್ಪಿತ್ತು. ಅಂದಿನ ಫೇಸ್‌ಬುಕ್ ಬೇರೆ, ಇಂದಿನದು ಬೇರೆ, ಅಂಕಿಯನ್ನು ಹಾಗೇ ಹಿಡಿಯಬೇಡಿ. ಆದರೆ ಸುಮ್ನೆ ನೋಡಿ ಹೋಗುವವರು ಬಹಳ ಅನ್ನುವುದು ಇಂದಿಗೂ ಖರೆ. ನಿಮ್ಮದೇ ಲೆಕ್ಕ ನೋಡಿ. ವಿಚಾರಿಸಿದ 14 ಮಂದಿಯಲ್ಲಿ ಎಷ್ಟು ಮಂದಿ ಲೈಕ್ ಒತ್ತಿದ್ದರು? ಹೆಸರು ಹುಡುಕಿ ನೋಡಿ. ಅರ್ಧದಷ್ಟೂ ಸಿಗಲಿಕ್ಕಿಲ್ಲ.

ಅಂಕಿ ಕಣ್ಣಿಗೆ ಬಿದ್ದರೇ ತಲೆಬಿಸಿ ಆಗುತ್ತದೆ ಅಂದರೆ ಲೈಕಿನ ಸಂಖ್ಯೆ ಮುಚ್ಚಿಡುವ ಸೆಟ್ಟಿಂಗ್ ಇದೆ. ಇನ್‌ಸ್ಟಾಗ್ರಾಮ್ 2019ರಲ್ಲಿ ಕೆನಡಾದಲ್ಲಿ ಇದನ್ನು ಪ್ರಯೋಗಕ್ಕೆ ಹಾಕಿತು, 2021ರ ಮೇನಲ್ಲಿ ಎಲ್ಲರಿಗೂ ಕೊಟ್ಟಿತು. ನಿಮ್ಮ ಪೋಸ್ಟಿನ ಸಂಖ್ಯೆ ಬೇರೆಯವರಿಗೆ ಕಾಣದಂತೆ ಮಾಡಬಹುದು, ಬೇರೆಯವರ ಸಂಖ್ಯೆ ನಿಮಗೆ ಕಾಣದಂತೆಯೂ ಮಾಡಬಹುದು. ಈ ಎರಡನೆಯದನ್ನು ನಾನು ಬಹಳ ಮಂದಿಗೆ ಹೇಳುತ್ತೇನೆ. ಪಕ್ಕದವರ ಅಂಕಿ ಕಾಣದಿದ್ದರೆ ಅವರ ಖಣ ಕಾಣುತ್ತದೆ, ಅದರಿಂದ ಏನಾದರೂ ಕಲಿಯಬಹುದು.

ಮೈದುನನಿಗೆ ಏನು ಹೇಳಬೇಕು? ಫಾಲೋವರ್ಸ್ ಖರೀದಿ ಬೇಡ ಅಂತ ಖಡಕ್ಕಾಗಿ ಹೇಳಿ. ದುಡ್ಡಿಗೆ ಬರುವವರು ಹೆಚ್ಚಾಗಿ ಸುಳ್ಳು ಅಕೌಂಟುಗಳು. ಅವರು ಖಣ ಕೊಳ್ಳುವುದಿಲ್ಲ, ಸೇವ್ ಮಾಡುವುದಿಲ್ಲ, ಯಾರಿಗೂ ಕಳಿಸುವುದಿಲ್ಲ. 20 ಸಾವಿರ ಫಾಲೋವರ್ಸ್, ಫೋಟೋಕ್ಕೆ 30 ಲೈಕು ಅಂತ ಕಂಡರೆ ಕೊಳ್ಳಲು ಬಂದವರಿಗೇ ಅನುಮಾನ ಬರುತ್ತದೆ. ನಿಯಮಕ್ಕೂ ವಿರುದ್ಧ, ಆಗಾಗ ಗುಡಿಸಿ ತೆಗೆಯುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ನೀವು ಈಗ ತಾನೇ ಶುರು ಮಾಡಬೇಕಾದ ಲೆಕ್ಕವೇ ಕೆಡುತ್ತದೆ. ಯಾರು ನಿಜವಾಗಿ ನೋಡುತ್ತಿದ್ದಾರೆ ಅನ್ನುವುದು ಆ ಸುಳ್ಳು ಮಂದಿಯ ನಡುವೆ ಮುಳುಗಿಹೋಗುತ್ತದೆ.

ದುಡ್ಡು ಹಾಕಲೇಬೇಕು ಅಂದರೆ ಸ್ವಲ್ಪ ಬೂಸ್ಟ್ ಮಾಡಿ (ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಮಂದಿಗೆ ತೋರಿಸುವುದು), ಅದೂ ಈಗಾಗಲೇ ವಿಚಾರಣೆ ತಂದ ಪೋಸ್ಟಿಗೆ ಮಾತ್ರ. ಓಡದ ಪೋಸ್ಟನ್ನು ದುಡ್ಡು ಕೊಟ್ಟು ಓಡಿಸಲು ಹೋಗಬೇಡಿ. ಊರು ಆರಿಸಲು ಅವಕಾಶ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಯಾವ ಊರು ಜಾಸ್ತಿ ಬಂದಿದೆಯೋ ಅದನ್ನೇ ಹಾಕಿ. ಗುರಿ 'ಮೆಸೇಜ್' ಅಂತ ಇರಲಿ. ನವರಾತ್ರಿಗೆ ಮಾಡುವುದಾದರೆ ಹಬ್ಬದ ಮುಂಚಿನ ಎರಡು ದಿನ ಬೇಡ, ಬ್ಲೌಸ್ ಹೊಲಿಸಲು ಟೇಲರ್ ಕೈಗೆ ಬಟ್ಟೆ ಸಿಗಬೇಕಲ್ಲ, ಮೂರು-ನಾಲ್ಕು ವಾರ ಮೊದಲೇ ಮಾಡಿ.

ಎಷ್ಟು ದಿನಕ್ಕೆ ತೀರ್ಪು ಕೊಡಬೇಕು ಅಂತ ನೀವು ಕೇಳಿಲ್ಲ, ಆದರೆ ಡಿಲೀಟ್ ಮಾಡುತ್ತೇನೆ ಅಂದಿರಿ, ಅದಕ್ಕೆ ಹೇಳುತ್ತೇನೆ. ಹಾಕಿದ ಒಂದು ತಾಸಿಗೇ ಫೋನ್ ತಿರುಗಿಸಿ ನೋಡುವುದು ಬೇಡ. ಫೋಟೋಕ್ಕೆ ಎರಡು ದಿನ ಕೊಡಿ, ರೀಲಿಗೆ ಒಂದೆರಡು ವಾರ. ಮಾರಾಟದ ಲೆಕ್ಕ ತಿಂಗಳಿಗೊಮ್ಮೆ. ಕೆಲವು ರೀಲುಗಳು ಹತ್ತು ದಿನ ಮಲಗಿದ್ದು ಆಮೇಲೆ ಎದ್ದು ಓಡುತ್ತವೆ. ಡಿಲೀಟ್ ಮಾಡಿದರೆ ಅದನ್ನು ಸೇವ್ ಮಾಡಿಟ್ಟವರ ಕೈಯಿಂದಲೂ ಹೋಗುತ್ತದೆ. ಮಗಳ ಕುಬಸ ಇನ್ನೆರಡು ತಿಂಗಳಿಗೆ ಅಂತ ಯಾರೋ ಸೇವ್ ಮಾಡಿಟ್ಟಿರುತ್ತಾರೆ. ಅವರು ಹುಡುಕುವ ಹೊತ್ತಿಗೆ ನಿಮ್ಮ ಪೋಸ್ಟೇ ಇಲ್ಲ. ಪೇಜಿನಲ್ಲಿ ಚೆಂದ ಕಾಣುವುದಿಲ್ಲ ಅನ್ನಿಸಿದ್ದನ್ನು 'ಆರ್ಕೈವ್' ಮಾಡಿ, ಬೇಕಾದಾಗ ವಾಪಸ್ ತರಬಹುದು. ಡಿಲೀಟ್ ಮಾಡಿದ್ದೂ 30 ದಿನದವರೆಗೆ 'ರೀಸೆಂಟ್ಲಿ ಡಿಲೀಟೆಡ್' ಅನ್ನುವ ಕಡೆ ಇರುತ್ತದೆ. ಇವತ್ತೇ ಅಲ್ಲಿ ಹೋಗಿ ನೋಡಿ. ಬಣ್ಣ ಸರಿಯಾಗಿ ಕಾಣುವ ಖಣದ ಫೋಟೋ ಯಾವುದಿದ್ದರೂ, ಲೈಕು ಎಷ್ಟೇ ಬಿದ್ದಿರಲಿ, ವಾಪಸ್ ತನ್ನಿ. ಕೆಳಗೆ ರೇಟ್ ಬರೆದು ಬಿಡಿ.